ಹೊತ್ತಿನ ಊಟ, ನೆಲೆಯ ಮನಸ್ಸು

(ಹಲಸೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



‘ಚಂಚಲ ಮನಸ್ಸಿಗೆ ಆಯುರ್ವೇದದ ಆಹಾರ’ ಎಂಬ ವಿಷಯವನ್ನು ಸಂಘಟಕರು ನನಗೆ ಕೊಟ್ಟಿದ್ದಾರೆ. ಸಭೆಯಲ್ಲಿ ಕೆಲವರು ಆಗಲೇ ಪೆನ್ನು ತೆಗೆದಿಟ್ಟುಕೊಂಡಿದ್ದೀರಿ. ಏನು ತಿನ್ನಬೇಕು, ಏನು ಬಿಡಬೇಕು ಎಂಬ ಪಟ್ಟಿಗಾಗಿ ಕಾಯುತ್ತಿದ್ದೀರಿ. ಪಟ್ಟಿ ಕೊಡದೆ ಕಳಿಸುವುದಿಲ್ಲ, ಆದರೆ ಅದು ತೀರ ಚಿಕ್ಕದು. ಮನಸ್ಸು ನೆಲೆಗೊಳ್ಳಬೇಕಾದರೆ ತಟ್ಟೆಯಲ್ಲಿ ಏನಿದೆ ಎಂದು ನೋಡಿದರೆ ಸಾಲದು. ಆ ತಟ್ಟೆ ಎಷ್ಟು ಹೊತ್ತಿಗೆ ಮುಂದೆ ಬಂತು, ಅದರ ಮುಂದೆ ಕೂತವರು ಹೇಗೆ ಕೂತಿದ್ದರು ಎಂದೂ ನೋಡಬೇಕು. ಆಹಾರದ ಪಥ್ಯಕ್ಕಿಂತ ಮೊದಲು ಹೊತ್ತಿನ ಪಥ್ಯ. ಇಂದು ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದರ ವಿವರಣೆ.

ಮನಸ್ಸಿಗೆ ಚರಕರು ಬರೆದ ಮದ್ದು

ಮೊದಲು ಒಂದು ಸಂಗತಿ. ಚರಕಸಂಹಿತೆಯ ಸೂತ್ರಸ್ಥಾನವೆಂಬ ಭಾಗದ ಮೊದಲ ಅಧ್ಯಾಯದಲ್ಲೇ ಶರೀರದ ದೋಷಗಳು ಮೂರು, ಮನಸ್ಸಿನ ದೋಷಗಳು ಎರಡು ಎಂಬ ವಿಂಗಡಣೆ ಇದೆ. ಶರೀರಕ್ಕೆ ವಾತ, ಪಿತ್ತ, ಕಫ. ಮನಸ್ಸಿಗೆ ರಜಸ್ಸು, ತಮಸ್ಸು. ಮನಸ್ಸಿನ ದೋಷ ಶಮನವಾಗಲು ಅಲ್ಲಿ ಹೇಳಿರುವ ಉಪಾಯಗಳು ಐದು: ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿ. ಈ ಐದರಲ್ಲಿ ಊಟವಿಲ್ಲ, ತುಪ್ಪವಿಲ್ಲ, ಬ್ರಾಹ್ಮಿಯೂ ಇಲ್ಲ. ಮನಸ್ಸಿನ ಕೆಲಸವನ್ನು ಮನಸ್ಸೇ ಮಾಡಬೇಕು ಎಂದು ಶಾಸ್ತ್ರ ಮೊದಲೇ ಹೇಳಿಬಿಟ್ಟಿದೆ.

ಹಾಗಾದರೆ ಆಹಾರದ ಪಾತ್ರವೇನು? ಅದೇ ಭಾಗದ ಹನ್ನೊಂದನೆಯ ಅಧ್ಯಾಯ ಶರೀರವನ್ನು ಎತ್ತಿಹಿಡಿಯುವ ಮೂರು ಆಧಾರಗಳನ್ನು ಹೇಳುತ್ತದೆ: ಆಹಾರ, ನಿದ್ರೆ, ಬ್ರಹ್ಮಚರ್ಯ. ಇವು ಒಂದರ ಜೊತೆ ಒಂದು ನಿಂತಿರುವಂಥವು. ಊಟದ ಹೊತ್ತು ಕೆಟ್ಟರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ವಾತ ಕೆರಳುತ್ತದೆ. ಮನಸ್ಸನ್ನು ನಿಯಂತ್ರಿಸುವುದೂ ನಡೆಸುವುದೂ ವಾತ ಎಂಬುದು ಚರಕರ ಮಾತು. ರಾತ್ರಿ ಜಾಗರಣೆ ಮೈಯನ್ನು ಒಣಗಿಸುತ್ತದೆ ಎಂದೂ ಅವರು ಹೇಳುತ್ತಾರೆ. ಒಣಗಿದ ಮೈ, ಕೆರಳಿದ ವಾತ, ಒಂದೆಡೆ ನಿಲ್ಲದ ಮನಸ್ಸು. ನಮ್ಮ ಅಜ್ಜಿಯರು ‘ಹೊಟ್ಟೆಗೆ ಸರಿಯಾಗಿ ತಿಂದು ಮಲಗು, ಎಲ್ಲಾ ಸರಿಹೋಗುತ್ತೆ’ ಎನ್ನುತ್ತಿದ್ದುದು ಇದನ್ನೇ. ಎಲ್ಲವೂ ಸರಿಹೋಗುವುದಿಲ್ಲ, ನಿಜ. ಆದರೆ ಜ್ಞಾನ, ಧೈರ್ಯಗಳು ಕೆಲಸ ಮಾಡಲು ಬೇಕಾದ ನೆಲ ಸಿದ್ಧವಾಗುತ್ತದೆ.

ಪಾಳಿಯ ಊರು

ಪೂರ್ವ ಬೆಂಗಳೂರಿಗೆ ಪಾಳಿ ಕೆಲಸ ಹೊಸದಲ್ಲ. 1940ರಲ್ಲಿ ವಿಮಾನ ಕಾರ್ಖಾನೆ ಬಂತು. 1948ರಲ್ಲಿ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ ಶುರುವಾಯಿತು. ಬೈಯಪ್ಪನಹಳ್ಳಿಗೆ ಎನ್‌ಜಿಇಎಫ್ ಕಾರ್ಖಾನೆ ಬಂತು. ಈ ಸಭೆಯಲ್ಲಿರುವ ಹಿರಿಯರಲ್ಲಿ ಎಷ್ಟೋ ಮಂದಿ ಅಲ್ಲಿ ಮೊದಲ ಪಾಳಿ, ಎರಡನೇ ಪಾಳಿ, ರಾತ್ರಿ ಪಾಳಿ ಮಾಡಿದವರು. ಆದರೆ ಆ ಪಾಳಿಗೊಂದು ಸೈರನ್ ಇತ್ತು. 1948ರ ಕಾರ್ಖಾನೆ ಕಾಯಿದೆ ಐದು ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು ಎಂದಿತು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನ್ ಇರಬೇಕು ಎಂಬ ನಿಯಮಕ್ಕೂ ಅದೇ ದಾರಿ ಮಾಡಿತು. ರಾತ್ರಿ ಪಾಳಿಯವನಿಗೂ ಊಟದ ಗಂಟೆ ಗೊತ್ತಿರುತ್ತಿತ್ತು, ಪಕ್ಕದಲ್ಲಿ ಕೂತು ಉಣ್ಣುವ ಜೊತೆಗಾರನೂ ಇರುತ್ತಿದ್ದ.

ಈಗಿನ ಪಾಳಿಗೆ ಸೈರನ್ ಇಲ್ಲ. ನನ್ನ ಬಳಿ ನಿದ್ದೆ ಬರುವುದಿಲ್ಲ, ಎದೆ ಡವಡವ, ಒಂದು ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂದು ಬರುವ ಹುಡುಗ ಹುಡುಗಿಯರ ಒಂದು ದಿನವನ್ನು ಬರೆಸಿ ನೋಡುತ್ತೇನೆ. ಹೆಚ್ಚುಕಡಿಮೆ ಎಲ್ಲವೂ ಒಂದೇ ಅಚ್ಚು. ಎದ್ದಿದ್ದು ಹನ್ನೊಂದಕ್ಕೆ, ಬರಿಹೊಟ್ಟೆಗೆ ಕಾಫಿ. ಮೂರು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ನಾಲ್ಕು ತುತ್ತು. ಸಂಜೆ ಆರಕ್ಕೆ ಮತ್ತೆ ಕಾಫಿ, ಜೊತೆಗೆ ಪಫ್. ಅಮೆರಿಕದವರ ಕಾಲ್ ಒಂಬತ್ತರಿಂದ ಹನ್ನೆರಡರವರೆಗೆ. ಅದು ಮುಗಿದ ಮೇಲೆ ಫೋನಿನಲ್ಲಿ ಆರ್ಡರ್ ಮಾಡಿದ ಬಿರಿಯಾನಿ ಹನ್ನೆರಡೂವರೆಗೆ ಬಾಗಿಲಿಗೆ. ಉಣ್ಣುತ್ತಾ ಒಂದು ಸೀರೀಸು. ಎರಡಕ್ಕೆ ದೀಪ ಆರಿಸಿದರೂ ನಿದ್ದೆ ಹತ್ತುವುದು ನಾಲ್ಕಕ್ಕೆ. ಆ ಬಿರಿಯಾನಿ ತಂದುಕೊಟ್ಟ ಹುಡುಗನ ದಿನವೂ ಇದರ ಇನ್ನೊಂದು ಮಗ್ಗುಲು. ಎಲ್ಲರ ಊಟದ ಹೊತ್ತೇ ಅವನ ದುಡಿಮೆಯ ಹೊತ್ತು. ನೂರಡಿ ರಸ್ತೆಯ ಹೋಟೆಲುಗಳ ಮುಂದೆ ಬೈಕಿನ ಮೇಲೇ ಒರಗಿ, ಬನ್ನು ಟೀಯಲ್ಲಿ ಹೊಟ್ಟೆ ತಣಿಸಿಕೊಳ್ಳುವವನು ಅವನು.

ಆಯುರ್ವೇದದ ಇನ್ನೊಬ್ಬ ಆಚಾರ್ಯ ವಾಗ್ಭಟರು ದಿನವನ್ನೂ ರಾತ್ರಿಯನ್ನೂ ಮೂರು ಮೂರು ಪಾಲು ಮಾಡುತ್ತಾರೆ. ಮೊದಲ ಪಾಲು ಕಫದ್ದು, ನಡುವಿನದು ಪಿತ್ತದ್ದು, ಕೊನೆಯದು ವಾತದ್ದು. ನಡುಹಗಲಿನ ಊಟ ಗಟ್ಟಿಯಾಗಿರಲಿ, ರಾತ್ರಿಯದು ಹಗುರವಾಗಿರಲಿ ಎಂಬ ನಮ್ಮ ಮನೆಗಳ ರೂಢಿಗೆ ಇದೇ ತಳಹದಿ. ಈ ಹುಡುಗರು ನಿದ್ದೆಗಾಗಿ ಹೊರಳಾಡುತ್ತಿರುವುದು ರಾತ್ರಿಯ ಕೊನೆಯ ಜಾವದಲ್ಲಿ, ವಾತದ ಕಾಲದಲ್ಲಿ, ಎಣ್ಣೆ ಖಾರದ ಹೊಟ್ಟೆಯೊಂದಿಗೆ. ದೋಷಗಳ ಭಾಷೆ ಬೇಡವೆಂದರೆ ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. ಕುಡಿದ ಕಾಫಿಯಲ್ಲಿರುವ ಕೆಫೀನಿನ ಅರ್ಧಪಾಲು ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಲೋಟದ ಅರ್ಧ, ರಾತ್ರಿ ಹನ್ನೊಂದಕ್ಕೂ ಒಳಗೆ ಎಚ್ಚರವಾಗಿ ಕೂತಿರುತ್ತದೆ.

ಸಾತ್ವಿಕ ಎಂದರೆ ಸಪ್ಪೆಯೇ?

ಇಲ್ಲಿ ಒಂದು ಗಟ್ಟಿಯಾದ ನಂಬಿಕೆಯನ್ನು ಅಲುಗಿಸಬೇಕಾಗಿದೆ. ಮನಸ್ಸು ಶಾಂತವಾಗಬೇಕೆಂದರೆ ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಬಿಡಬೇಕು ಎನ್ನುವುದನ್ನು ಆಯುರ್ವೇದದ ಮೊದಲ ಸೂತ್ರವೆಂಬಂತೆ ಹೇಳುವವರಿದ್ದಾರೆ. ಆಹಾರವನ್ನು ಸಾತ್ವಿಕ, ರಾಜಸ, ತಾಮಸ ಎಂದು ವಿಂಗಡಿಸುವ ಪ್ರಸಿದ್ಧ ಮಾತು ಇರುವುದು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ. ಅದು ಸಾಧಕರಿಗೆ ಹೇಳಿದ್ದು, ಅದರ ಬೆಲೆ ಅದಕ್ಕಿದೆ. ವೈದ್ಯ ಚರಕರು ಆಹಾರವನ್ನು ಅಳೆಯುವುದು ರಸ, ಗುಣ, ವೀರ್ಯ, ವಿಪಾಕಗಳಿಂದ.

ನಿದ್ದೆಗೆಟ್ಟವನಿಗೆ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅವರು ಹೇಳುವ ಉಪಚಾರ ಕೇಳಿ. ಎಣ್ಣೆ ನೀವುವುದು, ಸ್ನಾನ, ಊರಲ್ಲಿ, ಜೌಗಿನಲ್ಲಿ, ನೀರಿನಲ್ಲಿ ಬೆಳೆಯುವ ಪ್ರಾಣಿಗಳ ಮಾಂಸದ ರಸ, ಮೊಸರು ಕಲಸಿದ ಅಕ್ಕಿಯನ್ನ, ಹಾಲು, ತುಪ್ಪ, ಮದ್ಯ, ಮನಸ್ಸಿಗೆ ಹಿತವಾದ ಸುವಾಸನೆ, ಇಂಪಾದ ದನಿ, ಮೈ ಒತ್ತುವುದು, ಚೊಕ್ಕ ಹಾಸಿಗೆ, ಒಳ್ಳೆಯ ಮನೆ, ತಕ್ಕ ಕಾಲ. ಮದ್ಯವೆಂದ ಕೂಡಲೇ ಹಿಂದಿನ ಸಾಲಿನಲ್ಲಿ ನಗು ಕೇಳಿತು. ವಾರಾಂತ್ಯದ ಇಂದಿರಾನಗರಕ್ಕೆ ಚರಕರು ಅಪ್ಪಣೆ ಚೀಟಿ ಬರೆದುಕೊಟ್ಟಿಲ್ಲ; ಮದ್ಯವೇ ರೋಗವಾಗುವುದನ್ನು ಬೇರೆ ಅಧ್ಯಾಯದಲ್ಲಿ ವಿಸ್ತಾರವಾಗಿ ಹೇಳಿದ್ದಾರೆ. ರಾತ್ರಿ ಮೊಸರು ತಿನ್ನಬಾರದು ಎಂದೂ ಅವರೇ ಇನ್ನೊಂದೆಡೆ ಹೇಳುತ್ತಾರೆ. ಒಂದು ಸಾಲನ್ನು ಕಿತ್ತು ತಂದು ಪಥ್ಯ ಮಾಡಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಮಾಂಸದ ಜಗಳ ನಮ್ಮ ನಾಡಿನಲ್ಲೇ ಹಳೆಯದು. ಒಂಬತ್ತನೆಯ ಶತಮಾನದ ಜೈನ ವೈದ್ಯ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವನ್ನು ಬರೆದು, ಮದ್ದಿನಲ್ಲಿ ಮಾಂಸ, ಮದ್ಯ, ಜೇನು ಬೇಡವೆಂದು ವಾದಿಸಿದರು. ಗ್ರಂಥದ ಕೊನೆಗಿರುವ ಹಿತಾಹಿತ ಪ್ರಕರಣ ನೃಪತುಂಗನ ಸಭೆಯಲ್ಲಿ ಮಂಡಿಸಿದ್ದೆಂಬ ಉಲ್ಲೇಖ ಅದರಲ್ಲೇ ಇದೆ. ಇದೇ ಹೆಸರಿನ ಇನ್ನೊಂದು ಗ್ರಂಥವನ್ನು, ಪೂಜ್ಯಪಾದರ ಕಲ್ಯಾಣಕಾರಕವನ್ನು, ಮುಂದೆ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ. ಮಾಂಸವಿಲ್ಲದೆಯೂ ಪೂರ್ಣ ವೈದ್ಯ ಸಾಧ್ಯವೆಂದು ಒಂದು ಪರಂಪರೆ ತೋರಿಸಿತು, ಮಾಂಸರಸವನ್ನು ಮದ್ದೆಂದೇ ಇನ್ನೊಂದು ಪರಂಪರೆ ಬಳಸಿತು. ಎರಡೂ ನಮ್ಮವೇ.

ಈ ಊರಿನಲ್ಲಿ ಮೂರನೆಯದೊಂದೂ ಇದೆ. ಶಿವಾಜಿನಗರದ ಯುನಾನಿ ದವಾಖಾನೆಗಳ ಹಕೀಮರು ಮೈಯಲ್ಲಿ ನಾಲ್ಕು ಧಾತುಗಳನ್ನು ಎಣಿಸುತ್ತಾರೆ: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಕಪ್ಪು ಪಿತ್ತ, ಅವರು ಸೌದಾ ಎನ್ನುವುದು, ಏರಿದರೆ ಮನಸ್ಸು ಮಂಕಾಗುತ್ತದೆ, ಅಂಜುತ್ತದೆ. ಆರೋಗ್ಯಕ್ಕೆ ಅನಿವಾರ್ಯವೆಂದು ಅವರು ಹೇಳುವ ಆರು ಸಂಗತಿಗಳಲ್ಲಿ ಗಾಳಿಯ ನಂತರ ಬರುವುದು ಅನ್ನಪಾನ. ಮನಸ್ಸಿನ ಚಲನೆ ವಿಶ್ರಾಂತಿಗಳೂ ನಿದ್ದೆ ಎಚ್ಚರಗಳೂ ಅದೇ ಪಟ್ಟಿಯಲ್ಲಿವೆ. ಗ್ರೀಸಿನಿಂದ ಅರಬರ ಮೂಲಕ ಬಂದ ಶಾಸ್ತ್ರವೂ ನಮ್ಮ ಶಾಸ್ತ್ರವೂ ಊಟ ನಿದ್ದೆಗಳ ವಿಷಯಕ್ಕೆ ಬಂದಾಗ ಅಕ್ಕಪಕ್ಕದಲ್ಲಿ ಕೂರುತ್ತವೆ.

ಬೆಳಗಿನ ಜಾವ ರಸೆಲ್ ಮಾರ್ಕೆಟ್ಟಿನ ಸುತ್ತಿನ ಗಲ್ಲಿಗಳಿಗೆ ಹೋಗಿ ನೋಡಿ. ರಾತ್ರಿಯೆಲ್ಲಾ ಸಣ್ಣ ಉರಿಯಲ್ಲಿ ಬೆಂದ ಕಾಲಿನ ಸೂಪನ್ನು ದೊಡ್ಡ ಡಬರಿಯಿಂದ ಬಟ್ಟಲಿಗೆ ಬಡಿಸಿ, ಮೇಲೆ ಮೆಣಸಿನಪುಡಿ ಉದುರಿಸಿ, ಕೊತ್ತಂಬರಿ ಹಾಕಿ ಕೊಡುತ್ತಾರೆ. ಮೂಟೆ ಹೊರುವವರು ಕೂತು, ಊದಿ ಊದಿ, ಬೇರೇನೂ ಮಾಡದೆ ಅದನ್ನು ಕುಡಿಯುತ್ತಾರೆ. ಬಿಸಿ, ಜಿಡ್ಡು, ಹಿತಮಿತ, ಒಂದೇ ಮನಸ್ಸು. ಅಲ್ಲಿಂದ ಎರಡು ಮೈಲಿ ಆಚೆ ಯಾರೋ ತಣ್ಣಗಿನ ‘ಸಾತ್ವಿಕ’ ಸಲಾಡನ್ನು ಮೀಟಿಂಗಿನ ನಡುವೆ ಮೂರು ನಿಮಿಷದಲ್ಲಿ ನುಂಗುತ್ತಿರುತ್ತಾರೆ. ವಾತಕ್ಕೆ ಯಾವುದು ಹಿತ ಎಂದು ಚರಕರನ್ನು ಕೇಳಿದರೆ ಅವರು ಗಲ್ಲಿಯ ಕಡೆಗೇ ಕೈ ತೋರಿಸುತ್ತಾರೆ.

ಮುದ್ದೆಯ ಪಾಠ

ಆಹಾರವನ್ನು ತೂಗಿನೋಡಲು ಚರಕರು ವಿಮಾನಸ್ಥಾನವೆಂಬ ಭಾಗದಲ್ಲಿ ಎಂಟು ಅಂಶಗಳನ್ನು ಕೊಡುತ್ತಾರೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗದ ನಿಯಮ, ಉಣ್ಣುವವನು. ಈ ಎಂಟನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಕೆ.ಆರ್. ಪುರದಿಂದ ಹೊಸಕೋಟೆಯ ಕಡೆಗೆ ಇರುವ ಯಾವುದಾದರೂ ಹಳೆಯ ಮನೆಯ ಅಡುಗೆಕೋಣೆಯಲ್ಲಿ ಕಲಿಯುವುದು ಸುಲಭ.

ಕಿರುಧಾನ್ಯಗಳು ಒಣ ಗುಣದವು, ವಾತ ಹೆಚ್ಚಿಸುವಂಥವು ಎಂದು ಶಾಸ್ತ್ರ ಹೇಳುತ್ತದೆ. ಇದು ಪ್ರಕೃತಿ. ಅಷ್ಟಕ್ಕೇ ನಿಂತರೆ ರಾಗಿಯನ್ನು ಈ ಸೀಮೆಯವರು ಮುಟ್ಟಲೇಬಾರದಿತ್ತು. ಆದರೆ ನಮ್ಮ ಹೆಂಗಸರು ಹಿಟ್ಟನ್ನು ಕುದಿಯುವ ಎಸರಿಗೆ ಹಾಕಿ, ಬೇಯಲು ಬಿಟ್ಟು, ಕೋಲಿನಿಂದ ಗಂಟಿಲ್ಲದಂತೆ ತೊಳಸಿ, ನೀರು ಮುಟ್ಟಿದ ಕೈಯಲ್ಲಿ ಉಂಡೆ ಕಟ್ಟಿದರು. ಒಣಗಿದ್ದದ್ದು ನೀರು ಕುಡಿದು ನುಣುಪಾಯಿತು. ಇದು ಕರಣ. ಬರೀ ಮುದ್ದೆ ಯಾರೂ ತಿನ್ನುವುದಿಲ್ಲ. ಬಸ್ಸಾರು, ಉಪ್ಪುಸಾರು, ಅವರೆಕಾಳಿನ ಸಾರು, ಮೇಲೊಂದು ಚಮಚ ತುಪ್ಪ. ಇದು ಸಂಯೋಗ. ಹೊಲಕ್ಕೆ ಹೋಗುವವನಿಗೆ ಎರಡು, ಮನೆಯ ಮುದುಕರಿಗೆ ಅರ್ಧ. ಇದು ರಾಶಿ. ಮಳೆ ಕಡಿಮೆ ಬೀಳುವ ಕೆಂಪು ನೆಲದಲ್ಲಿ ಬೆಳೆದದ್ದು, ಆ ನೆಲದವರಿಗೆ ತಲೆತಲಾಂತರದಿಂದ ಒಗ್ಗಿದ್ದು. ಇದು ದೇಶ. ಬೇಸಿಗೆಯ ಬೆಳಿಗ್ಗೆ ಅದೇ ರಾಗಿ ಮಜ್ಜಿಗೆ ಬೆರೆತು ಅಂಬಲಿಯಾಯಿತು. ಇದು ಕಾಲ. ಆರಿದ ಮುದ್ದೆಗೆ ರುಚಿಯಿಲ್ಲ, ಬಿಸಿಯಿದ್ದಾಗಲೇ ಕೂತು ಉಣ್ಣಬೇಕು, ಒಂದು ಕೈ ಮುದ್ದೆಯಲ್ಲಿದ್ದಾಗ ಇನ್ನೊಂದರಲ್ಲಿ ಬೇರೆ ಕೆಲಸ ಸಾಗುವುದಿಲ್ಲ. ಇದು ಉಪಯೋಗದ ನಿಯಮ. ಕೊನೆಯದಾಗಿ ಉಣ್ಣುವವನು: ಅವನ ಹಸಿವು, ಅವನ ಅಭ್ಯಾಸ. ಹಲಸೂರಿನ ತಮಿಳು ಬಂಧುಗಳು ಆಡಿ ಮಾಸದಲ್ಲಿ ಅಮ್ಮನ ಗುಡಿಯ ಮುಂದೆ ಹಂಚುವ ರಾಗಿಯ ಕೂಳು ಇದೇ ವಿವೇಕದ ಇನ್ನೊಂದು ರೂಪ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿ ರಾಗಿ ಬಿಸ್ಕತ್ತು ಮಾರುತ್ತಾರೆ. ಲೆಕ್ಕ ಸುಳ್ಳಲ್ಲ. ಎಂಟರಲ್ಲಿ ಒಂದನ್ನು ಇಟ್ಟುಕೊಂಡು ಏಳನ್ನು ಬಿಟ್ಟರು, ಅಷ್ಟೇ.

ಚಿಂತೆಯ ಜೊತೆ ಉಂಡದ್ದು

ಹೇಗೆ ಉಣ್ಣಬೇಕು ಎಂದೂ ಚರಕರ ಆ ಎಂಟು ಅಂಶಗಳ ಅಧ್ಯಾಯವೇ ಹೇಳುತ್ತದೆ. ಬಿಸಿಯಾದದ್ದು, ಜಿಡ್ಡಿರುವುದು, ಅಳತೆಗೆ ತಕ್ಕದ್ದು, ಹಿಂದಿನ ಊಟ ಅರಗಿದ ಮೇಲೆ, ಹಿತವಾದ ಜಾಗದಲ್ಲಿ, ಅವಸರವಿಲ್ಲದೆ, ತೀರ ನಿಧಾನವೂ ಇಲ್ಲದೆ, ಹರಟದೆ, ನಗದೆ, ಉಣ್ಣುವುದರಲ್ಲೇ ಮನಸ್ಸಿಟ್ಟು. ಮುಂದಿನ ಅಧ್ಯಾಯದ ಮಾತು ಇನ್ನೂ ಮುಖ್ಯ: ಚಿಂತೆ, ಶೋಕ, ಭಯ, ಕೋಪಗಳಲ್ಲಿ ಇರುವವನಿಗೆ, ನಿದ್ದೆಗೆಟ್ಟವನಿಗೆ, ಹಿತವಾದ ಅನ್ನವನ್ನು ಮಿತವಾಗಿ ಉಂಡರೂ ಅದು ಅರಗುವುದಿಲ್ಲ. ಅಂದರೆ ದಾರಿ ಎರಡು ಕಡೆಗೂ ಇದೆ. ಹೊಟ್ಟೆಯಿಂದ ಮನಸ್ಸಿಗೆ ಹೋಗುವಂತೆ ಮನಸ್ಸಿನಿಂದ ಹೊಟ್ಟೆಗೂ ಹೋಗುತ್ತದೆ. ಗದರಿಕೆಯ ಈಮೇಲ್ ಓದುತ್ತಾ ತಿಂದ ಶುದ್ಧಾನ್ನಕ್ಕೂ ಎದೆಯುರಿ ಬರುತ್ತದೆ.

ಇಂದಿನ ವಿಜ್ಞಾನವೂ ಈ ದಾರಿಯನ್ನು ಪರೀಕ್ಷಿಸುತ್ತಿದೆ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಖಿನ್ನತೆಯಿದ್ದ 67 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 12 ವಾರ ಕಾಳು, ತರಕಾರಿ, ಇಡಿಧಾನ್ಯ, ಮೀನುಗಳ ಊಟದ ಮಾರ್ಗದರ್ಶನ, ಇನ್ನೊಂದಕ್ಕೆ ಬರೀ ಮಾತುಕತೆಯ ಒಡನಾಟ. ಮೊದಲ ಗುಂಪಿನಲ್ಲಿ ಶೇ. 32ರಷ್ಟು ಜನ ಖಿನ್ನತೆಯಿಂದ ಹೊರಬಂದರು, ಎರಡನೆಯದರಲ್ಲಿ ಶೇ. 8. ಗುಂಪು ಚಿಕ್ಕದು, ತಾವು ಯಾವ ಗುಂಪಿನಲ್ಲಿದ್ದೇವೆಂದು ಅವರಿಗೆ ಗೊತ್ತಿತ್ತು. ಆಸೆಗೆ ಇಷ್ಟು ಸಾಕು, ಡಂಗುರ ಸಾರಲು ಸಾಲದು. ಹಾಗೆಯೇ ಸೆರೊಟೋನಿನ್ನಿನ ಸುಮಾರು ಶೇ. 90 ಭಾಗ ಕರುಳಿನಲ್ಲೇ ಹುಟ್ಟುತ್ತದೆ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೀರಿ. ನಿಜ. ಆದರೆ ಆ ಸೆರೊಟೋನಿನ್ ಮಿದುಳಿಗೆ ದಾಟುವುದಿಲ್ಲ ಎಂಬ ಮುಂದಿನ ವಾಕ್ಯವನ್ನು ಹೇಳುವವರು ಕಡಿಮೆ.

ಬೇರು, ಎಲೆ, ಎಚ್ಚರ

ಮದ್ದಿನ ಬಗ್ಗೆ ಕೇಳದೆ ನೀವು ಬಿಡುವುದಿಲ್ಲ. ಸರ್ಪಗಂಧಿಯ ಕಥೆ ಹೇಳುತ್ತೇನೆ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಹುಚ್ಚಿಗೂ ರಕ್ತದೊತ್ತಡಕ್ಕೂ ಈ ಬೇರು ಕೆಲಸ ಮಾಡುತ್ತದೆಂದು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರೆಸರ್ಪಿನ್ ಎಂಬ ಸತ್ವ ತೆಗೆದರು. ಜಗತ್ತಿನ ಅನೇಕ ಮನೋವೈದ್ಯರು ಅದನ್ನು ಬಳಸಿದರು. ಕೆಲವೇ ವರ್ಷಗಳಲ್ಲಿ ಅದನ್ನು ತೆಗೆದುಕೊಂಡವರಲ್ಲಿ ಖಿನ್ನತೆ ಕಾಣಿಸಿಕೊಂಡ ವರದಿಗಳು ಬಂದವು, ಬಳಕೆ ಇಳಿಯಿತು. ನಮ್ಮ ಬೇರುಗಳು ನಿಜವಾಗಿ ಕೆಲಸ ಮಾಡುತ್ತವೆ, ಹಾಗಾಗಿಯೇ ಅವುಗಳಿಗೆ ಹೆದರಬೇಕು.

ಅಶ್ವಗಂಧ ಈಗ ಗ್ರಂಥಿಗೆ ಅಂಗಡಿಯಿಂದ ಸೂಪರ್‌ಮಾರ್ಕೆಟ್ಟಿನವರೆಗೂ ಸಿಗುತ್ತದೆ. ಆತಂಕ, ನಿದ್ದೆಗಳ ವಿಷಯದಲ್ಲಿ ಸಣ್ಣ ಪ್ರಯೋಗಗಳು ಒಳ್ಳೆಯ ಫಲ ತೋರಿಸಿವೆ. ಯಕೃತ್ತಿಗೆ ತೊಂದರೆಯಾದ ವರದಿಗಳೂ ಇವೆ. ಥೈರಾಯ್ಡ್ ಮಾತ್ರೆ ನುಂಗುವವರು, ಬಸುರಿಯರು ತಾವಾಗಿ ತೆಗೆದುಕೊಳ್ಳಬಾರದು. ಪಾದರಸ, ಸೀಸ ಸೇರಿದ ರಸೌಷಧಿಗಳ ಮಾತಂತೂ ಬೇಡವೇ ಬೇಡ: 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಬಾಸ್ಟನ್ನಿನ ಅಂಗಡಿಗಳಿಂದ ತಂದ 70 ಆಯುರ್ವೇದ ಸಿದ್ಧೌಷಧಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಚೀಟಿಯಿಲ್ಲದ ಪೊಟ್ಟಣ, ಹೆಸರಿಲ್ಲದ ಪುಡಿ ಮನೆಗೆ ತರಬೇಡಿ.

ಇನ್ನು ಆ ಚಿಕ್ಕ ಪಟ್ಟಿ. ದಿನಕ್ಕೆ ಒಂದು ಊಟವಾದರೂ ದಿನವೂ ಅದೇ ಗಂಟೆಗೆ. ರಾತ್ರಿಯ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲು, ಬಿಸಿಯಾಗಿ, ಹಗುರವಾಗಿ: ಅನ್ನವೋ ಮುದ್ದೆಯೋ ಚಪಾತಿಯೋ ನಿಮಗೆ ಒಗ್ಗಿದ್ದು, ಜೊತೆಗೆ ಹೆಸರುಬೇಳೆಯ ತೊವ್ವೆ, ಬೆಂದ ತರಕಾರಿ, ಚಮಚ ತುಪ್ಪ. ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ. ಒಂದೆಲಗ ಸಿಕ್ಕಿದಾಗ ಕಾಯಿ, ಜೀರಿಗೆ, ಮೆಣಸಿನೊಂದಿಗೆ ರುಬ್ಬಿ ಮಜ್ಜಿಗೆ ಬೆರೆಸಿ ತಂಬುಳಿ. ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ತಮ್ಮ ವೈದ್ಯರ ಮಾತಿನಂತೆ ಇದನ್ನು ಬದಲಿಸಿಕೊಳ್ಳಿ. ಪಟ್ಟಿ ಮುಗಿಯಿತು.

ತಂಬುಳಿಯಲ್ಲಿ ತೀರದ ಸಂಕಟಗಳಿವೆ ಎಂದೂ ಹೇಳಲೇಬೇಕು. ಎದೆ ಡವಡವ, ಸುಸ್ತು, ಕಿರಿಕಿರಿಗಳ ಹಿಂದೆ ರಕ್ತಹೀನತೆ, ಬಿ12 ಕೊರತೆ, ಥೈರಾಯ್ಡ್ ಇರಬಹುದು. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಉನ್ಮಾದವನ್ನು ಚರಕರು ಮನಸ್ಸು, ಬುದ್ಧಿ, ನೆನಪು, ನಡತೆ ಮೊದಲಾದ ಎಂಟರ ವಿಭ್ರಮವೆಂದು ಬೇರೆಯಾಗಿಯೇ ಬರೆದರು. ಅದನ್ನು ಚಂಚಲತೆಯ ಜೊತೆ ಕಲಸಲಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಮಾನಸಿಕ ಕಾಯಿಲೆ ಇದೆ. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ತಲುಪುತ್ತಿಲ್ಲ. ಎರಡು ವಾರವಾದರೂ ಮನಸ್ಸಿನ ಭಾರ ಇಳಿಯದಿದ್ದರೆ, ಬದುಕೇ ಬೇಡವೆನಿಸಿದರೆ, ಒಂದು ಕ್ಷಣವೂ ತಡಮಾಡದೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಯಾವ ಕಷಾಯಕ್ಕಾಗಿಯೂ ನಿಲ್ಲಿಸಬೇಡಿ.

ಹೊತ್ತು ಯಾರ ಕೈಯಲ್ಲಿದೆ?

ಕೊನೆಯ ಮಾತು ಪಥ್ಯ ಕೇಳಲು ಬಂದವರಿಗಷ್ಟೇ ಹೇಳುವಂಥದ್ದಲ್ಲ. ‘ಹೊತ್ತಿಗೆ ಸರಿಯಾಗಿ ಊಟ ಮಾಡಮ್ಮಾ’ ಎಂದು ನಾನು ಚೀಟಿ ಬರೆದುಕೊಡುತ್ತೇನೆ. ‘ಆ ಹೊತ್ತಿಗೇ ಕಾಲ್ ಇರುತ್ತೆ ಡಾಕ್ಟ್ರೇ’ ಎನ್ನುತ್ತಾಳೆ ಆಕೆ. ಅವಳ ಉತ್ತರದಲ್ಲಿ ತಪ್ಪಿಲ್ಲ. ಊಟದ ಹೊತ್ತನ್ನು ಒಬ್ಬಳೇ ಕಾಪಾಡಿಕೊಳ್ಳಲು ಆಗುವುದಿಲ್ಲ. ಹಿಂದೆ ಅದನ್ನು ಮನೆ ಕಾಪಾಡುತ್ತಿತ್ತು, ಕಾರ್ಖಾನೆಯ ಸೈರನ್ ಕಾಪಾಡುತ್ತಿತ್ತು, ಏಕಾದಶಿ, ರಂಜಾನ್, ಲೆಂಟ್‌ಗಳು ಉಪವಾಸಕ್ಕೂ ಪಾರಣೆಗೂ ಒಂದು ಗಡಿ ಹಾಕಿ ಕಾಪಾಡುತ್ತಿದ್ದವು. ಮನಸ್ಸಿನ ಶಾಂತಿಯನ್ನು ಈಗ ನಾವು ಒಬ್ಬೊಬ್ಬರ ತಲೆಯ ಮೇಲೆ ಹೊರಿಸಿ, ಸಾಲದೆಂದು ಅದಕ್ಕೊಂದು ಆ್ಯಪ್ ಮಾರುತ್ತಿದ್ದೇವೆ.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟು. ಈ ಭಾಗದ ಕಂಪನಿಗಳು ರಾತ್ರಿ ಎಂಟರಿಂದ ಒಂಬತ್ತರ ನಡುವೆ ಅರ್ಧ ಗಂಟೆ ಯಾವ ಮೀಟಿಂಗನ್ನೂ ಇಡದಿರಲಿ. 1948ರಲ್ಲಿ ಯಂತ್ರದ ಮುಂದೆ ನಿಂತವನಿಗೆ ಕೊಟ್ಟ ಅರ್ಧ ಗಂಟೆಯನ್ನು ಪರದೆಯ ಮುಂದೆ ಕೂತವನಿಗೂ ಕೊಡಲಿ. ಅಪಾರ್ಟ್‌ಮೆಂಟ್ ಸಂಘಗಳು ಊಟ ತಂದುಕೊಡುವ ಹುಡುಗರಿಗೆ ಕೂತು ಉಣ್ಣಲು ಗೇಟಿನ ಒಳಗೊಂದು ಬೆಂಚು, ಕುಡಿಯಲು ನೀರು ಇಡಲಿ. ಮನೆಗಳಲ್ಲಿ ದಿನಕ್ಕೊಂದು ಊಟಕ್ಕೆ ಫೋನು ಬೇರೆ ಕೋಣೆಯಲ್ಲಿರಲಿ. ಇದರಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ. ಇಷ್ಟನ್ನು ಮಾಡಿದ ಮೇಲೆ ನನ್ನ ಹತ್ತಿರ ಬನ್ನಿ, ಆಗ ಅಶ್ವಗಂಧದ ಮಾತಾಡೋಣ. ನಿಮ್ಮಲ್ಲಿ ಅನೇಕರಿಗೆ ಅದರ ಅಗತ್ಯವೇ ಉಳಿದಿರುವುದಿಲ್ಲ ಎನ್ನುವುದು ನನ್ನ ನಂಬಿಕೆ.